ಕೆನೆತ್ ಆಂಡರ್ಸನ್: ಬಂದೂಕಿಗೆ ದುರ್ಬೀನು ಅಲ್ಲ, ಟಾರ್ಚು ಬಿಗಿದ ಬೇಟೆಗಾರ

ಲಿಂಗಸುಗೂರು: ಗುಡ್ಡದ ಅಂಚಿನ ಊರಲ್ಲಿ ಚಿರತೆ ಕಂಡಿತು ಅಂದರೆ ಸಾಕು, ಕಟ್ಟೆ ಮ್ಯಾಲ ಕೂತ ಮಂದಿಯ ಮಾತು ಬಂದೂಕಿನ ಕಡೆ ಹೊರಳುತ್ತದೆ. ಬೋಲ್ಟ್ ಆಕ್ಷನ್ ರೈಫಲ್, ಅದರ ಮ್ಯಾಲ ಉದ್ದನೆಯ ಸ್ಕೋಪ್, ಅಂದರೆ ದುರ್ಬೀನು. ಮೊಬೈಲ್‌ನಲ್ಲಿ ನೋಡಿದ ಹುಡುಗರಿಗೆ ಬೇಟೆ ಅಂದರೆ ಇಷ್ಟೇ. ಆದರೆ ಕನ್ನಡದ ಮನೆಮನೆಯಲ್ಲಿ ಓದಿದ ಬೇಟೆಗಾರ ಕೆನೆತ್ ಆಂಡರ್ಸನ್ ನರಭಕ್ಷಕಗಳ ಬೆನ್ನು ಹತ್ತಿದಾಗ ಬಂದೂಕಿಗೆ ಬಿಗಿದದ್ದು ಟಾರ್ಚು. ಅದು ಯಾಕೆ ಅಂತ ತಿಳಿದರೆ ಅವರ ಬದುಕೂ ಅರ್ಥವಾಗುತ್ತದೆ.

ನಿಜಾಮರ ಸೀಮೆಯಲ್ಲಿ ಹುಟ್ಟು

ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಸಿಕಂದರಾಬಾದ್ ಹತ್ತಿರದ ಬೊಲಾರಂನಲ್ಲಿ. ಆಗ ರಾಯಚೂರು, ಲಿಂಗಸುಗೂರು ಸೀಮೆ ಕೂಡ ಅದೇ ನಿಜಾಮರ ರಾಜ್ಯದಲ್ಲಿತ್ತು. ಹೈದರಾಬಾದ್ ಕಂಟಿಂಜೆಂಟ್ ಎಂಬ ಫೌಜಿನ ಠಾಣ್ಯ ಒಂದು ಕಾಲಕ್ಕೆ ಬೊಲಾರಂನಲ್ಲೂ ಇತ್ತು, ಲಿಂಗಸುಗೂರಿನಲ್ಲೂ ಇತ್ತು. ಅವರದು ತಲೆಮಾರುಗಳಿಂದ ಇಲ್ಲೇ ನೆಲೆಸಿದ್ದ ಸ್ಕಾಟ್ಲೆಂಡ್ ಮೂಲದ ಮನೆತನ. ಬೇಟೆಯ ಹುಚ್ಚು ಹತ್ತಿದ್ದು ತಂದೆಯಿಂದ.

ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಮತ್ತು ಸೇಂಟ್ ಜೋಸೆಫ್ ಕಾಲೇಜಿನಲ್ಲಿ. ಮುಂದೆ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಸುಮಾರು 15 ವರ್ಷ ನೌಕರಿ, ಆಮೇಲೆ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ಕೆಲಸ. ಅಂದರೆ ಅವರು ರಾಜರಲ್ಲ, ಜಹಗೀರುದಾರರೂ ಅಲ್ಲ. ಸಂಬಳದ ಮನುಷ್ಯ. ರಜೆ ಸಿಕ್ಕಾಗ ಕಾಡಿಗೆ ಹೋಗುತ್ತಿದ್ದರು, ರಜೆ ಮುಗಿದರೆ ಹೊಳ್ಳಿ ಕೆಲಸಕ್ಕೆ.

ಒಂದೇ ಬಂದೂಕಿನ ನಂಟು

ಅವರ ಕತೆಗಳಲ್ಲಿ ಮತ್ತೆ ಮತ್ತೆ ಬರುವ ಬಂದೂಕು .405 ವಿಂಚೆಸ್ಟರ್, 1895ರ ಮಾದರಿ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಬೇಟೆಗೆ ಹೋದಾಗ ಒಯ್ದದ್ದೂ ಇದೇ ಮಾದರಿ. 300 ಗ್ರೇನ್, ಅಂದರೆ ಸುಮಾರು 19 ಗ್ರಾಂ ತೂಕದ ಗುಂಡು. ಒದೆತವೂ ಜೋರು.

ಇದು ಬೋಲ್ಟ್ ಎಳೆಯುವ ರೈಫಲ್ ಅಲ್ಲ. ಕುದುರೆಯ ಕೆಳಗಿನ ಲಿವರನ್ನು ಕೆಳಕ್ಕೆ ಒತ್ತಿ ಮೇಲಕ್ಕೆ ಎಳೆದರೆ ಖಾಲಿ ತೋಟಾ ಮ್ಯಾಲಿನಿಂದ ಹೊರಗೆ ಹಾರುತ್ತದೆ, ಹೊಸದು ಒಳಗೆ ಕೂರುತ್ತದೆ. ತೋಟಾ ಮ್ಯಾಲೆ ಹಾರುವ ಬಂದೂಕಿಗೆ ನೆತ್ತಿಯ ಮೇಲೆ ಸ್ಕೋಪ್ ಕೂರಿಸಿದರೆ ಅದೇ ಅಡ್ಡ. ಪಕ್ಕಕ್ಕೆ ಸರಿಸಿ ಕೂರಿಸಬೇಕು. ಆಗ ಕಣ್ಣೊಂದು ಕಡೆ, ನಳಿಗೆಯೊಂದು ಕಡೆ.

ಬೋಲ್ಟ್ ರೈಫಲ್‌ಗೆ ಬ್ಯಾರೆ ತೊಂದರೆ. ಹಳೆಯ ಮೌಸರ್‌ಗಳಲ್ಲಿ ಬೋಲ್ಟಿನ ಹಿಡಿಕೆ ನೇರ ಮೇಲೆದ್ದು ಸ್ಕೋಪಿಗೆ ಬಡಿಯುತ್ತದೆ. ಒಂದೋ ಹಿಡಿಕೆ ಬಾಗಿಸಬೇಕು, ಇಲ್ಲವೇ ಸ್ಕೋಪ್ ಎತ್ತರಿಸಬೇಕು. ಎತ್ತರ ಹೆಚ್ಚಾದರೆ ಕೆನ್ನೆ ಬಂದೂಕಿನ ಕಟ್ಟಿಗೆಗೆ ಊರುವುದಿಲ್ಲ, ಗುರಿ ಅಲುಗುತ್ತದೆ. ಕಣ್ಣಿಗೂ ಗಾಜಿಗೂ ಸುಮಾರು ಮೂರು ಇಂಚು ಅಂತರ ಬೇಕು. ಕಡಿಮೆಯಾದರೆ ಒದೆತಕ್ಕೆ ಹುಬ್ಬು ಸೀಳುತ್ತದೆ.

ಎಲ್ಲಕ್ಕಿಂತ ದೊಡ್ಡದು ಸ್ಕ್ರೂ ಬಿಗಿ. ಸ್ಕೋಪ್ ಹಿಡಿದಿರುವ ಎರಡು ರಿಂಗುಗಳ ನಡುವೆ 10 ಸೆಂಟಿಮೀಟರ್ ಅಂತರವಿದ್ದು, ಒಂದು ಕಡೆ ಮಿಲಿಮೀಟರಿನ ಹತ್ತನೇ ಒಂದು ಪಾಲು ಸರಿಯಿತು ಅಂತಿಟ್ಟುಕೊಳ್ಳಿ. 100 ಮೀಟರ್ ದೂರದಲ್ಲಿ ಗುಂಡು 10 ಸೆಂಟಿಮೀಟರ್ ಆಚೆ ಬೀಳುತ್ತದೆ. ಪ್ರಾಣಿಯ ಮೈಯಲ್ಲಿ ಅದು ಎದೆಗೂ ಹೊಟ್ಟೆಗೂ ಇರುವ ಫರಕು.

ಕತ್ತಲಲ್ಲಿ ಕೆಲವೇ ಮಾರು

ಆಂಡರ್ಸನ್ ಎದುರಿಸಿದ್ದು 100 ಮೀಟರಿನ ಬೇಟೆಯಲ್ಲ. ನರಭಕ್ಷಕ ಚಿರತೆ ಬರುವುದು ರಾತ್ರಿ, ಸದ್ದಿಲ್ಲದೆ, ಕೆಲವೇ ಮಾರು ದೂರಕ್ಕೆ. ಅಂಥಲ್ಲಿ ದುರ್ಬೀನು ಕಣ್ಣಿಗೆ ಕತ್ತಲನ್ನೇ ದೊಡ್ಡದು ಮಾಡಿ ತೋರಿಸುತ್ತದೆ. ಅದಕ್ಕೇ ಅವರು ನಳಿಗೆಗೆ ಟಾರ್ಚನ್ನು ಕ್ಲ್ಯಾಂಪಿನಿಂದ ಬಿಗಿದು ಮಚಾನಿನ ಮೇಲೆ ಕೂರುತ್ತಿದ್ದರು. ಬಂದೂಕು ಹಿಡಿದ ಎಡಗೈ ಹೆಬ್ಬೆರಳಿಗೇ ಗುಂಡಿ ಸಿಗಬೇಕು. ಬೆಳಕು ಬಿದ್ದ ಕಡೆಯೇ ಗುಂಡು ಬೀಳಬೇಕು. ನಳಿಗೆಯ ತುದಿಯ ಮಣಿಯೂ ಆ ಬೆಳಕಲ್ಲಿ ಕಾಣಬೇಕು. ಒದೆತಕ್ಕೆ ಕ್ಲ್ಯಾಂಪು ಜಾರಿದರೆ ಬೆಳಕೊಂದು ಕಡೆ, ಗುಂಡೊಂದು ಕಡೆ.

ಕರ್ನಾಟಕದ ಗಡಿಗೆ ಅಂಟಿಕೊಂಡಿರುವ ಗುಮ್ಮಳಾಪುರದ ಚಿರತೆ 42 ಮಂದಿಯನ್ನು ಕೊಂದಿತ್ತು ಎಂಬುದು ಅವರೇ ಬರೆದ ಲೆಕ್ಕ. ಅಲ್ಲಿ ಜೊತೆಗಿದ್ದ ನಾಯಿಮರಿ ಎಚ್ಚರಿಸಿದ್ದರಿಂದ ಜೀವ ಉಳಿಯಿತೆಂದು ಅವರು ಬರೆದುಕೊಂಡಿದ್ದಾರೆ. ಅಂಥ ಹೊತ್ತಿನಲ್ಲಿ ಸ್ಕ್ರೂ ತಿರುಗಿಸಲು, ಗುರಿ ಸರಿಪಡಿಸಲು ಪುರಸೊತ್ತು ಇರುವುದಿಲ್ಲ. ಎಲ್ಲಾ ಮನೆಯಲ್ಲೇ ಮಾಡಿಕೊಂಡು ಬಂದಿರಬೇಕು.

ಉತ್ತರದಲ್ಲಿ ಜಿಮ್ ಕಾರ್ಬೆಟ್ ಕೂಡ 1926ರ ಮೇ ತಿಂಗಳಲ್ಲಿ ರುದ್ರಪ್ರಯಾಗದ ಚಿರತೆಯನ್ನು ಹೊಡೆದದ್ದು ಹೀಗೇ. ರೈಫಲ್ಲಿಗೆ ಕಟ್ಟಿದ ಟಾರ್ಚು ಒಂದು ಕ್ಷಣ ಬೆಳಗಿ ಆರಿಹೋಯಿತು. ಆ ಒಂದು ಕ್ಷಣ ಸಾಕಾಯಿತು.

ತಪ್ಪಿದ ಗುಂಡಿನ ಸಾಲ

1939ರಿಂದ 1966ರವರೆಗೆ ಆಂಡರ್ಸನ್ 8 ನರಭಕ್ಷಕ ಚಿರತೆ ಮತ್ತು 7 ನರಭಕ್ಷಕ ಹುಲಿಗಳನ್ನು ಹೊಡೆದದ್ದು ಸರ್ಕಾರಿ ದಾಖಲೆಯಲ್ಲಿದೆ. ಇವು ಮನುಷ್ಯರ ಮೇಲೆ ಯಾಕೆ ಎರಗಿದವು ಎಂಬುದನ್ನೂ ಅವರು ಬಿಡದೆ ಹುಡುಕಿದರು. ಎಷ್ಟೋ ಸಲ ಸಿಕ್ಕ ಉತ್ತರ ಒಂದೇ: ಹಳೆಯ ಗುಂಡೇಟು. ಯಾರೋ ಅರೆಬರೆ ಗುರಿಯಿಟ್ಟು ಹೊಡೆದರು, ಪ್ರಾಣಿ ಸಾಯಲಿಲ್ಲ, ಕಾಲೋ ದವಡೆಯೋ ಹಾಳಾಯಿತು. ಜಿಂಕೆ ಹಿಡಿಯಲಾಗದ ಪ್ರಾಣಿ ದನ ಹಿಡಿಯಿತು, ಆಮೇಲೆ ದನ ಕಾಯುವವರನ್ನು. ಬಂದೂಕಿನವನು ಮನೆ ಸೇರಿದ, ಸಾಲ ತೀರಿಸಿದವರು ಹಳ್ಳಿಯ ಬಡವರು.

ಗಾಯಗೊಂಡ ಪ್ರಾಣಿಯನ್ನು ಹಾಗೇ ಬಿಟ್ಟು ಬರುವುದನ್ನು ಅವರು ಒಪ್ಪುತ್ತಿರಲಿಲ್ಲ. ಬಂದೂಕಿನ ಮೇಲಿನ ಸಾಮಾನು ಸರಿ ಇರಬೇಕೆಂಬುದು ಅವರಿಗೆ ಶೋಕಿಯಲ್ಲ, ಜವಾಬ್ದಾರಿ.

ಬಂದೂಕು ಬಿಟ್ಟು ಕ್ಯಾಮೆರಾ

1954ರಲ್ಲಿ ಅವರ ಮೊದಲ ಬೇಟೆಯ ಪುಸ್ತಕ ಬಂತು. ಬರಬರುತ್ತಾ ಕಾಡು ಕರಗುವುದನ್ನು ಕಂಡು ಬಂದೂಕಿಗಿಂತ ಕ್ಯಾಮೆರಾ ಕಡೆ ವಾಲಿದರು. 1974ರ ಆಗಸ್ಟ್ 30ರಂದು ಬೆಂಗಳೂರಿನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಪೂರ್ಣಚಂದ್ರ ತೇಜಸ್ವಿ ಅವರ ‘ಕಾಡಿನ ಕಥೆಗಳು’ ಮಾಲೆಯ ನಾಲ್ಕು ಪುಸ್ತಕಗಳಿಂದ ಆಂಡರ್ಸನ್ ಕನ್ನಡದ ಊರೂರಿಗೆ ತಲುಪಿದರು.

ಅವರು ಸಾಯುವ ಎರಡು ವರ್ಷ ಮೊದಲೇ, 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತ್ತು. ಬೆಳೆ ಕಾಯಲು ಲೈಸನ್ಸ್ ಬಂದೂಕು ಇದ್ದರೂ ಇಂದು ಚಿರತೆ, ಕರಡಿ ಮೇಲೆ ಗುಂಡು ಹಾರಿಸುವಂತಿಲ್ಲ. ಕಂಡ ಕೂಡಲೇ ಅರಣ್ಯ ಇಲಾಖೆಗೆ ತಿಳಿಸಬೇಕು. ಅವರು ಬೋನು ಇಡುತ್ತಾರೆ, ಬೇಕಾದರೆ ಅರಿವಳಿಕೆ ಮದ್ದಿನ ಸೂಜಿ ಹಾರಿಸುವ ಬಂದೂಕು ತರುತ್ತಾರೆ. ಆ ಬಂದೂಕಿಗೂ ದೂರದ ಗುರಿ ನಡೆಯದು, ಹತ್ತಿರ ಹೋಗಿ ತಾಳ್ಮೆಯಿಂದ ಕಾಯಬೇಕು. ಅಲ್ಲಿಯತನಕ ಮಂದಿ ಗುಂಪುಗೂಡಿ ಕಲ್ಲು ಹೊಡೆದು ಪ್ರಾಣಿಯನ್ನು ಗಾಯ ಮಾಡದಿದ್ದರೆ ಊರಿಗೇ ಕ್ಷೇಮ.