ಹ್ಯಾಂಡೆಲ್ ಮತ್ತು ಸಿಂಹಾಸನವಿಲ್ಲದ ಅರಸ

1727ರ ಅಕ್ಟೋಬರ್ 11ರಂದು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಎರಡನೆಯ ಜಾರ್ಜ್‌ನ ಪಟ್ಟಾಭಿಷೇಕ ನಡೆದಾಗ ಅದಕ್ಕೆ ಸಂಗೀತ ರಚಿಸಿಕೊಟ್ಟವನು ಜರ್ಮನಿಯಲ್ಲಿ ಹುಟ್ಟಿ, ಅದೇ ವರ್ಷ ಬ್ರಿಟಿಷ್ ಪ್ರಜೆಯಾಗಿದ್ದ ಜಾರ್ಜ್ ಫ್ರಿಡರಿಕ್ ಹ್ಯಾಂಡೆಲ್. ಅವನು ಅಂದು ರಚಿಸಿದ ಒಂದು ಗೀತೆ 2023ರಲ್ಲಿ ಮೂರನೆಯ ಚಾರ್ಲ್ಸ್‌ಗೆ ಕಿರೀಟ ತೊಡಿಸುವವರೆಗೆ ಆ ದೇಶದ ಪ್ರತಿಯೊಂದು ಪಟ್ಟಾಭಿಷೇಕದಲ್ಲೂ ಮೊಳಗಿದೆ. ಯಾಜಕನಾದ ಚಾದೋಕನೂ ಪ್ರವಾದಿಯಾದ ನಾತಾನನೂ ಸೊಲೊಮೋನನಿಗೆ ರಾಜ್ಯಾಭಿಷೇಕ ಮಾಡಿದ ಪ್ರಸಂಗವೇ ಅದರ ವಸ್ತು.

ಈ ನಾತಾನನನ್ನು ತುಸು ನೆನಪಿಟ್ಟುಕೊಳ್ಳಬೇಕು. ಸೊಲೊಮೋನನ ತಂದೆ ದಾವೀದನಿಗೆ, ಅವನ ಸಿಂಹಾಸನ ಎಂದೆಂದಿಗೂ ಸ್ಥಿರವಾಗಿರುವುದೆಂಬ ದೈವವಾಗ್ದಾನವನ್ನು ತಲುಪಿಸಿದವನೂ ಅವನೇ. ಆದರೆ ಕ್ರಿಸ್ತಪೂರ್ವ ಆರನೆಯ ಶತಮಾನದ ಆದಿಯಲ್ಲಿ ಬಾಬಿಲೋನಿನ ಸೈನ್ಯ ಯೆರೂಸಲೇಮನ್ನು ಸುಟ್ಟುಹಾಕಿತು; ಆ ಸಿಂಹಾಸನವೂ ಅಳಿಯಿತು. ಸೋಜಿಗವೆಂದರೆ, ಸಿಂಹಾಸನ ಹೋದರೂ ನಿರೀಕ್ಷೆ ಹೋಗಲಿಲ್ಲ. ಬರಲಿರುವ ಅಭಿಷಿಕ್ತನಿಗಾಗಿ ಜನ ಕಾದರು. ಮೆಸ್ಸೀಯ ಎಂಬ ಹೀಬ್ರೂ ಮೂಲದ ಪದಕ್ಕೂ ಕ್ರಿಸ್ತ ಎಂಬ ಗ್ರೀಕ್ ಮೂಲದ ಪದಕ್ಕೂ ಇರುವ ಅರ್ಥ ಅದೇ: ಅಭಿಷಿಕ್ತ. ಕ್ರೈಸ್ತರು ಆ ವಾಗ್ದಾನ ಯೇಸುವಿನಲ್ಲಿ ನೆರವೇರಿತೆಂದು ನಂಬಿದರು. ಯೆಹೂದ್ಯರು ಅದನ್ನು ಒಪ್ಪಲಿಲ್ಲ, ಇಂದಿಗೂ ಒಪ್ಪುವುದಿಲ್ಲ.

ಹ್ಯಾಂಡೆಲ್ 1685ರಲ್ಲಿ ಹಾಲ್ಲೆಯಲ್ಲಿ ಜನಿಸಿದ. ತಂದೆಗೆ ಮಗ ವಕೀಲನಾಗಲೆಂಬ ಆಸೆ. ಮಗ ಇಟಲಿಗೆ ಹೋಗಿ ಒಪೆರಾ ಕಲಿತ, 1710ರಲ್ಲಿ ಲಂಡನ್ ಕಂಡ. ಮುಂದಿನ ಮೂರು ದಶಕ ಇಟಾಲಿಯನ್ ಒಪೆರಾಗಳ ಏಳುಬೀಳಿನ ಕತೆ. 1737ರಲ್ಲಿ ಪಾರ್ಶ್ವವಾಯು ಬಲಗೈಯನ್ನು ಕಾಡಿತು. 1741ರ ಹೊತ್ತಿಗೆ ಲಂಡನ್ನಿನ ಶ್ರೋತೃಗಳಿಗೆ ಅವನ ಒಪೆರಾ ಸಾಕಾಗಿತ್ತು.

ಆಗ ಅವನ ಕೈಸೇರಿದ್ದು ಚಾರ್ಲ್ಸ್ ಜೆನೆನ್ಸ್ ಎಂಬ ಸಿರಿವಂತ ಬೈಬಲಿನಿಂದಲೇ ವಚನಗಳನ್ನು ಆರಿಸಿ ಹೆಣೆದಿದ್ದ ಒಂದು ಪಠ್ಯ. ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ಕುತೂಹಲಕರವಾದ ವ್ಯಕ್ತಿ ಈ ಜೆನೆನ್ಸ್. ಸ್ಟುವರ್ಟ್ ವಂಶವೇ ನ್ಯಾಯವಾದ ಅರಸು ಮನೆತನವೆಂದು ನಂಬಿದ್ದ ಅವನು, ಜಾರ್ಜ್ ದೊರೆಗಳಿಗೆ ನಿಷ್ಠೆಯ ಪ್ರಮಾಣ ಸ್ವೀಕರಿಸಲು ಒಪ್ಪದವನು. ತನ್ನ ನಾಡಿನ ಸಿಂಹಾಸನದಲ್ಲಿ ಸಲ್ಲದವನು ಕುಳಿತಿದ್ದಾನೆಂದು ಭಾವಿಸಿದ ಮನುಷ್ಯ, ಅದೇ ದೊರೆಯ ಪಟ್ಟಾಭಿಷೇಕಕ್ಕೆ ಸಂಗೀತ ಕಟ್ಟಿದವನ ಕೈಗೆ ನಿಜವಾದ ಅರಸನ ಕುರಿತ ಪಠ್ಯವನ್ನಿತ್ತ! ಹ್ಯಾಂಡೆಲ್ ಅದಕ್ಕೆ 24 ದಿನಗಳಲ್ಲಿ ಸಂಗೀತ ಬರೆದು ಮುಗಿಸಿದ. ಆ ಆತುರ ಜೆನೆನ್ಸ್‌ಗೆ ಹಿಡಿಸಲಿಲ್ಲ.

‘ಮೆಸ್ಸೀಯ’ ಎಂಬ ಈ ಕೃತಿಯಲ್ಲಿ ಅರಸನ ಬದುಕಿನ ಕಥಾನಕ ಹೆಚ್ಚಿಲ್ಲ. ಮೊದಲ ಭಾಗದಲ್ಲಿ ಯೆಶಾಯನೇ ಮೊದಲಾದ ಪ್ರವಾದಿಗಳ ನಿರೀಕ್ಷೆ ತುಂಬಿದೆ. ಎರಡನೆಯ ಭಾಗದಲ್ಲಿ ಆ ಅರಸ ಜನರಿಂದ ತಿರಸ್ಕೃತನಾದ ಸಂಕಟಪುರುಷನಾಗಿ ಕಾಣುತ್ತಾನೆ. 1742ರ ಏಪ್ರಿಲ್ 13ರಂದು ಡಬ್ಲಿನ್ನಿನ ಮೊದಲ ಪ್ರದರ್ಶನದಲ್ಲಿ ಆ ಗೀತೆಯನ್ನು ಹಾಡಿದ ನಟಿ ಸುಸಾನಾ ಸಿಬರ್, ಗಂಡ ಹೂಡಿದ ವ್ಯಭಿಚಾರದ ಮೊಕದ್ದಮೆಯಿಂದ ಲಂಡನ್ನಿನಲ್ಲಿ ಮಾನ ಕಳೆದುಕೊಂಡಿದ್ದವಳು. ಜನ ಹೆಚ್ಚು ಹಿಡಿಸಲೆಂದು ಬುಟ್ಟಿಲಂಗ ತೊಡದೆ ಬರುವಂತೆ ಸ್ತ್ರೀಯರಿಗೂ, ಖಡ್ಗವಿಲ್ಲದೆ ಬರುವಂತೆ ಪುರುಷರಿಗೂ ಮನವಿ ಮಾಡಲಾಗಿತ್ತು. ಹಣ ಎರಡು ಆಸ್ಪತ್ರೆಗಳಿಗೂ ಸಾಲಕ್ಕಾಗಿ ಜೈಲು ಸೇರಿದವರಿಗೂ ಸಂದಿತು. 142 ಸಾಲಗಾರರ ಬಿಡುಗಡೆಯಾಯಿತೆಂದು ಹೇಳುತ್ತಾರೆ. ಸೆರೆಯಾಳುಗಳಿಗೆ ಬಿಡುಗಡೆ ಎಂಬುದು ಪ್ರವಾದಿಗಳು ಹಾಡಿದ ಆ ರಾಜ್ಯದ ಲಕ್ಷಣವೇ ಅಲ್ಲವೆ?

ಹಾಗೆಂದು ಹ್ಯಾಂಡೆಲ್‌ನನ್ನು ಸಂತನ ಪೀಠದಲ್ಲಿ ಕೂರಿಸಲು ನಾನು ಸಿದ್ಧನಿಲ್ಲ. ಗುಲಾಮರ ವ್ಯಾಪಾರ ನಡೆಸುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯ ಷೇರುಗಳಲ್ಲಿ ಅವನು 1720ರಲ್ಲಿ ವ್ಯವಹರಿಸಿದ್ದನೆಂಬುದನ್ನು ಇತ್ತೀಚಿನ ಸಂಶೋಧನೆ ಬೆಳಕಿಗೆ ತಂದಿದೆ. ಡಬ್ಲಿನ್ನಿನ ಸೆರೆಯಾಳುಗಳನ್ನು ನೆನೆಯುವವರು ಇದನ್ನೂ ನೆನೆಯಬೇಕು.

1743ರಲ್ಲಿ ಲಂಡನ್ನಿನ ರಂಗಮಂದಿರದಲ್ಲಿ ಕೃತಿ ಪ್ರದರ್ಶನಗೊಂಡಾಗ, ನಾಟಕದ ಮನೆಯಲ್ಲಿ ದೇವರ ವಾಕ್ಯವೇ ಎಂದು ಆಕ್ಷೇಪ ಎದ್ದಿತು. ಅಲ್ಲಿ ‘ಹಲ್ಲೆಲೂಯ’ ಗೀತೆ ಕೇಳಿ ಎರಡನೆಯ ಜಾರ್ಜ್ ಎದ್ದುನಿಂತನೆಂಬ ಪ್ರಸಿದ್ಧ ಕತೆಗೆ ಸಮಕಾಲೀನ ದಾಖಲೆಯಿಲ್ಲ. ಅದು ದಶಕಗಳ ಬಳಿಕ ಪತ್ರವೊಂದರಲ್ಲಿ ಕಾಣಿಸಿಕೊಂಡದ್ದು. ಆದರೂ ಜನ ಅದನ್ನು ಬಿಟ್ಟುಕೊಟ್ಟಿಲ್ಲ. ಭೂಮಿಯ ದೊರೆ ಇನ್ನೊಬ್ಬ ದೊರೆಯೆದುರು ಎದ್ದುನಿಲ್ಲುವುದನ್ನು ನೋಡುವ ಆಸೆ ಹಳೆಯದು.

1750ರಿಂದ ಲಂಡನ್ನಿನ ಫೌಂಡ್ಲಿಂಗ್ ಆಸ್ಪತ್ರೆಯೆಂಬ ಅನಾಥ ಶಿಶುಗಳ ಆಶ್ರಯಧಾಮದಲ್ಲಿ ‘ಮೆಸ್ಸೀಯ’ ಪ್ರತಿವರ್ಷ ಮೊಳಗಿ ಅದರ ಬೊಕ್ಕಸ ತುಂಬಿತು. ಆ ಹೊತ್ತಿಗೆ ಹ್ಯಾಂಡೆಲ್‌ನ ದೃಷ್ಟಿ ಮಂದವಾಗತೊಡಗಿತ್ತು. ಕೊನೆಯ ವರ್ಷಗಳಲ್ಲಿ ಅವನು ಕುರುಡ. ಉಯಿಲಿನಲ್ಲಿ ಕೃತಿಯ ಒಂದು ಪ್ರತಿಯನ್ನು ಆ ಮಕ್ಕಳ ಆಶ್ರಯಧಾಮಕ್ಕೇ ಬರೆದಿಟ್ಟ. 1759ರ ಏಪ್ರಿಲ್ 6ರಂದು ‘ಮೆಸ್ಸೀಯ’ವನ್ನು ಕಡೆಯ ಬಾರಿ ಆಲಿಸಿದ, ಎಂಟು ದಿನಗಳ ಬಳಿಕ ತೀರಿಕೊಂಡ. ಸಮಾಧಿಯಾದದ್ದು ಅದೇ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ. ಅಲ್ಲಿರುವ ಅವನ ಪ್ರತಿಮೆಯ ಬಳಿ ಕೆತ್ತಿರುವ ಸ್ವರಪುಟ ಪಟ್ಟಾಭಿಷೇಕದ ಗೀತೆಯದಲ್ಲ. ಎಲ್ಲವನ್ನೂ ಕಳೆದುಕೊಂಡ ಯೋಬ ತನ್ನ ವಿಮೋಚಕನು ಜೀವಂತನೆಂದು ಹೇಳುವ ಹಾಡಿನದು.