ಅಡುಗೆಮನೆಯ ತೊಟ್ಟಿಯಿಂದ ಕೋಶಪೊರೆಯವರೆಗೆ: ಆಗ್ನೆಸ್ ಪೊಕೆಲ್ಸ್

ದಂಡೋತಿಯ ಪ್ರೌಢಶಾಲೆಯೊಂದರಲ್ಲಿ ಅಭ್ಯಾಸ ಬೋಧನೆ ಮಾಡುವಾಗ 9ನೇ ತರಗತಿಯ ಕೋಶಪೊರೆಯ ಪಾಠ ನನ್ನ ಪಾಲಿಗೆ ಬಂತು. ಕಪ್ಪುಹಲಗೆಯ ಮೇಲೆ ಲಿಪಿಡ್‌ಗಳ ಎರಡು ಸಾಲು ಬರೆದು, ನಡುನಡುವೆ ಪ್ರೋಟೀನ್ ತೋರಿಸಿ, ಇದು ಬೇಕಾದದ್ದನ್ನು ಒಳಬಿಟ್ಟು ಉಳಿದದ್ದನ್ನು ತಡೆಯುತ್ತದೆ ಎಂದು ವಿವರಿಸಿದೆ. ಕಣ್ಣಿಗೆ ಕಾಣದ ಪೊರೆಯಲ್ಲಿ ಎರಡೇ ಸಾಲು ಇವೆಯೆಂದು ಹೇಗೆ ಗೊತ್ತಾಯಿತು ಎಂದು ಹಿಂದಿನ ಬೆಂಚಿನ ಹುಡುಗಿ ಕೇಳಿದಳು. ನನ್ನ ಪಾಠಯೋಜನೆಯಲ್ಲಿ ಉತ್ತರವಿರಲಿಲ್ಲ. ಓದಿಕೊಂಡು, ಮರುದಿನ ಆ ತರಗತಿಗೆ ಒಂದು ಬದುಕಿನ ಕಥೆ ಹೇಳಿದೆ.

ಆಗ್ನೆಸ್ ಪೊಕೆಲ್ಸ್ 1862ರಲ್ಲಿ ವೆನಿಸ್‌ನಲ್ಲಿ ಹುಟ್ಟಿದರು. ಸೈನ್ಯದಲ್ಲಿದ್ದ ತಂದೆಯ ಆರೋಗ್ಯ ಕೆಟ್ಟು, 1871ರಲ್ಲಿ ಕುಟುಂಬ ಜರ್ಮನಿಯ ಬ್ರೌನ್‌ಶ್ವೈಗ್‌ಗೆ ಬಂತು. ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದ ಆಗ್ನೆಸ್‌ಗೆ ಭೌತಶಾಸ್ತ್ರವೆಂದರೆ ಪ್ರೀತಿ. ಆದರೆ ಆಗ ಅಲ್ಲಿನ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ತಮ್ಮ ಫ್ರೀಡ್ರಿಕ್ ಭೌತಶಾಸ್ತ್ರ ಓದಲು ಹೋದ. ಅಕ್ಕ ಮನೆಯಲ್ಲಿ ಉಳಿದು ತಂದೆ ತಾಯಿಯನ್ನು ನೋಡಿಕೊಂಡರು. ತಮ್ಮನ ಪುಸ್ತಕಗಳೇ ಅವರ ಕಾಲೇಜು.

ನೀರಿನ ಮೇಲೆ ಜಿಡ್ಡು ಹರಡುವುದನ್ನು ಆಗ್ನೆಸ್ ಅಡುಗೆಮನೆಯಲ್ಲೇ ಗಮನಿಸಿದರು. ತಗಡಿನ ತೊಟ್ಟಿಯಲ್ಲಿ ನೀರು ತುಂಬಿ, ಅಡ್ಡಲಾಗಿ ತಗಡಿನ ಪಟ್ಟಿಯಿಟ್ಟು, ಅದನ್ನು ಸರಿಸುತ್ತ ಜಿಡ್ಡಿನ ಪದರವನ್ನು ಹಿಗ್ಗಿಸಿದರು, ಕುಗ್ಗಿಸಿದರು. ನೀರಿಗೆ ತಾಗಿಸಿದ ಪುಟ್ಟ ಬಿಲ್ಲೆಯನ್ನು ಮೇಲೆತ್ತಲು ಎಷ್ಟು ಬಲ ಬೇಕೆಂದು ತಕ್ಕಡಿಯಲ್ಲಿ ಅಳೆದು ಮೇಲ್ಮೈ ಸೆಳೆತವನ್ನು ಲೆಕ್ಕ ಹಾಕಿದರು. 1891ರಲ್ಲಿ ಇಂಗ್ಲೆಂಡಿನ ಲಾರ್ಡ್ ರೇಲೀಗೆ ಪತ್ರ ಬರೆದರು. ರೇಲೀ ಅದರ ಅನುವಾದವನ್ನು ನೇಚರ್ ಪತ್ರಿಕೆಗೆ ಕಳಿಸಿದರು. ಆ ಮಾರ್ಚ್‌ನಲ್ಲೇ ಅಚ್ಚಾಯಿತು.

ಇರ್ವಿಂಗ್ ಲ್ಯಾಂಗ್ಮೂರ್ ಇದೇ ಬಗೆಯ ತೊಟ್ಟಿಯನ್ನು ಸುಧಾರಿಸಿದರು. 1925ರಲ್ಲಿ ಗಾರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಲಿಪಿಡ್ ತೆಗೆದು ಅಂಥ ತೊಟ್ಟಿಯಲ್ಲಿ ಹರಡಿದರು. ಸಸ್ತನಿಗಳ ಈ ಕಣದೊಳಗೆ ಬೇರೆ ಪೊರೆಗಳಿಲ್ಲ. ಆದ್ದರಿಂದ ಸಿಕ್ಕ ಲಿಪಿಡ್ ಹೊರಪೊರೆಯದ್ದೇ. ಹರಡಿದ ಪದರ ಕಣಗಳ ಮೇಲ್ಮೈಗಿಂತ ಸುಮಾರು 2 ಪಟ್ಟು ಇತ್ತು. ಹಾಗಾದರೆ ಪೊರೆಯಲ್ಲಿ 2 ಸಾಲು: ನೀರನ್ನು ಬಯಸುವ ತಲೆಗಳು ಹೊರಕ್ಕೆ, ನೀರಿಗೆ ಒಗ್ಗದ ಬಾಲಗಳು ಒಳಕ್ಕೆ. ಆ ಅಳತೆಯಲ್ಲಿ ಎರಡು ತಪ್ಪುಗಳಿದ್ದು, ಒಂದನ್ನೊಂದು ಸರಿದೂಗಿಸಿದ್ದವೆಂದು ಮುಂದೆ ತಿಳಿಯಿತು. ತೀರ್ಮಾನ ಮಾತ್ರ ನಿಂತಿತು. ಈ ಪದರದಲ್ಲಿ ಪ್ರೋಟೀನ್‌ಗಳು ತೇಲುತ್ತವೆಂಬ ಮಾದರಿಯನ್ನು 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಕೊಟ್ಟರು.

ಆಗ್ನೆಸ್‌ಗೆ 1932ರಲ್ಲಿ, 70ನೇ ವಯಸ್ಸಿನಲ್ಲಿ, ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1935ರಲ್ಲಿ ತೀರಿಕೊಂಡರು.

ಕಥೆ ಮುಗಿದಾಗ ಅದೇ ಹುಡುಗಿ ಇನ್ನೊಂದು ಕೇಳಿದಳು: ಅವರು ಕಾಲೇಜಿಗೆ ಹೋಗಿದ್ದರೆ ಇನ್ನೆಷ್ಟು ಮಾಡುತ್ತಿದ್ದರು? ಕಾಲೇಜಿಲ್ಲದೆಯೂ ಸಾಧಿಸಬಹುದು ಎಂಬ ನೀತಿಯನ್ನು ನಾನು ಪಾಠದ ಕೊನೆಗೆ ಬರೆದುಕೊಂಡಿದ್ದೆ. ಬೆಳಿಗ್ಗೆ ಪಾತ್ರೆ ತೊಳೆದು ಶಾಲೆಗೆ ಬರುವ, ಹತ್ತನೆಯ ನಂತರ ಓದು ಮುಂದುವರಿಯುವುದೋ ಇಲ್ಲವೋ ಎಂದು ತಿಳಿಯದ ಹುಡುಗಿಯರ ಎದುರು ಅದನ್ನು ಹೇಳಲಾಗಲಿಲ್ಲ. ಆ ಸಾಲನ್ನು ಹೊಡೆದುಹಾಕಿ, ಅವಳ ಪ್ರಶ್ನೆಯನ್ನೇ ಹಲಗೆಯ ಮೇಲೆ ಬರೆದೆ.