ಕಾಗದದ ಕಟ್ಟುಗಳು ಕಾಯ್ದಿಟ್ಟ ಸತ್ಯ: ಸಂತ ಜಾನ್ ಹೆನ್ರಿ ನ್ಯೂಮನ್

ಮನುಷ್ಯನು ಮರಣಿಸಿದ ಮೇಲೆ ಅವನ ಜೀವನವು ಇತರರ ಬಾಯಿಗೆ ಬೀಳುತ್ತದೆ. ಮೆಚ್ಚಿದವರು ಅವನನ್ನು ದೇವದೂತನನ್ನಾಗಿ ಮಾಡುತ್ತಾರೆ. ಮೆಚ್ಚದವರು ಅವನ ಒಳಿತಿನಲ್ಲೂ ಕಪಟವನ್ನು ಹುಡುಕುತ್ತಾರೆ. ಈ ಎರಡರ ನಡುವೆ ಸತ್ಯವನ್ನು ಉಳಿಸಿಕೊಡಬಲ್ಲ ಸಾಕ್ಷಿ ಯಾವುದು? ಆಯಾ ದಿನ, ಆಯಾ ಮನಃಸ್ಥಿತಿಯಲ್ಲಿ ಬರೆದ ಪತ್ರಗಳೇ ಆ ಸಾಕ್ಷಿ ಎಂದು ದೃಢವಾಗಿ ನಂಬಿದ್ದವರು ಗುರುಗಳೂ ಲೇಖಕರೂ ಸಂಪಾದಕರೂ ಆಗಿದ್ದ ಕಾರ್ಡಿನಲ್ ಜಾನ್ ಹೆನ್ರಿ ನ್ಯೂಮನ್. ಅವರು ಜತನದಿಂದ ಜೋಡಿಸಿಟ್ಟ ಕಾಗದಪತ್ರಗಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಅವರೇ ಸ್ಥಾಪಿಸಿದ ಆರಟರಿ ಗುರುಮನೆಯ ಭಂಡಾರಕ್ಕೆ ಸೇರಿದವು. ಆ ಕಾಗದಗಳ ಬೆಳಕಿನಲ್ಲಿ ಅವರ ಜೀವನವನ್ನು ನಾವು ಈ ವಾರ ಧ್ಯಾನಿಸೋಣ.

1801ರ ಫೆಬ್ರವರಿ 21ರಂದು ಲಂಡನ್ನಿನ ಬ್ಯಾಂಕ್ ಮಾಲೀಕರೊಬ್ಬರ ಮನೆಯಲ್ಲಿ ಅವರು ಜನಿಸಿದರು. ಕಾಗದವನ್ನು ಕಾಯ್ದಿಡುವ ಗುಣ ಎಳವೆಯಿಂದಲೇ ಬಂದುದು. 1812ರಲ್ಲಿ, ಹನ್ನೊಂದರ ಬಾಲಕ, ಗ್ರೀಕ್ ಪಾಠಕ್ಕೆ ಹೋಗುವ ಮುನ್ನ, ರಜೆಗೆ ಮನೆಗೆ ಹೋಗಲು ಇನ್ನು ಮೂರೇ ದಿನವೆಂಬ ಸಂಭ್ರಮವನ್ನು ಶಾಲಾ ಪುಸ್ತಕದಲ್ಲಿ ಗುರುತು ಹಾಕಿಟ್ಟ. ಮುಂದೆ ಬಾಳಿನ ತಿರುವುಗಳಲ್ಲಿ ಅದೇ ಬರಹಕ್ಕೆ ಒಂದೊಂದು ಸಾಲನ್ನು ಸೇರಿಸುತ್ತ ಬಂದರು. ಆಕ್ಸ್‌ಫರ್ಡಿನ ಅಧ್ಯಾಪಕ, ಕಥೋಲಿಕ, ಗುರು. ಕೊನೆಗೆ 1884ರಲ್ಲಿ ಕಾರ್ಡಿನಲ್. ಎಪ್ಪತ್ತೆರಡು ವರ್ಷಗಳ ಬಾಳು ಕೆಲವೇ ಸಾಲುಗಳಲ್ಲಿ ಅಡಗಿದೆ.

1822ರಲ್ಲಿ ಓರಿಯಲ್ ಕಾಲೇಜಿನ ಫೆಲೋ ಆಗಿ, 1825ರಲ್ಲಿ ಆಂಗ್ಲಿಕನ್ ಸಭೆಯ ಗುರುವಾಗಿ, 1828ರಿಂದ ವಿಶ್ವವಿದ್ಯಾಲಯದ ಸಂತ ಮರಿಯಾ ದೇವಾಲಯದ ಬೋಧಕರಾಗಿ ಅವರು ಹೆಸರಾದರು. 1833ರಲ್ಲಿ ಸಿಸಿಲಿ ದ್ವೀಪದಲ್ಲಿ ಜ್ವರದಿಂದ ಸಾವಿನಂಚಿಗೆ ಹೋಗಿ ಬದುಕಿ, ಹಡಗಿನಲ್ಲಿ ಹಿಂದಿರುಗುವಾಗ ಅವರು ಬರೆದ ಪ್ರಾರ್ಥನಾಗೀತೆಯನ್ನು ಕನ್ನಡಿಗರು ಬಲ್ಲರು. ಆಚಾರ್ಯ ಬಿ.ಎಂ.ಶ್ರೀಯವರು ಅದನ್ನು ಕನ್ನಡಕ್ಕೆ ತಂದು ಮನೆಮನೆಯ ಹಾಡಾಗಿಸಿದರು. ಹಾಡುವವರಲ್ಲಿ ಅನೇಕರಿಗೆ ಅದರ ಮೂಲಕರ್ತೃ ಮುಂದೆ ಕಥೋಲಿಕ ಗುರುವಾದನೆಂಬುದು ತಿಳಿಯದು.

ಅದೇ ವರ್ಷ ಆರಂಭವಾದ ಆಕ್ಸ್‌ಫರ್ಡ್ ಚಳವಳಿಯ ಕಿರುಹೊತ್ತಿಗೆಗಳಿಗೂ, 1838ರಿಂದ 1841ರವರೆಗೆ 'ಬ್ರಿಟಿಷ್ ಕ್ರಿಟಿಕ್' ಪತ್ರಿಕೆಗೂ ಅವರು ಸಂಪಾದಕರಾಗಿದ್ದರು. ಆದಿಸಭೆಯ ಪಿತೃಗಳ ಅಧ್ಯಯನವು ಅವರನ್ನು ಮೆಲ್ಲಮೆಲ್ಲನೆ ಕಥೋಲಿಕ ಧರ್ಮಸಭೆಯ ಹೊಸ್ತಿಲಿಗೆ ತಂದಿತು. 1845ರ ಅಕ್ಟೋಬರ್ 9ರಂದು ಡೊಮಿನಿಕ್ ಬಾರ್ಬೆರಿ ಎಂಬ ಇಟಲಿಯ ಗುರುಗಳು ಅವರನ್ನು ಸಭೆಗೆ ಬರಮಾಡಿಕೊಂಡರು. ಇದಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಪ್ರೀತಿಯ ಆಕ್ಸ್‌ಫರ್ಡ್ ಹೋಯಿತು, ಸ್ನೇಹಿತರು ದೂರವಾದರು, ಸೋದರಿ ಹ್ಯಾರಿಯೆಟ್ ಸಂಬಂಧವನ್ನೇ ಕಡಿದುಕೊಂಡಿದ್ದರು. 1847ರಲ್ಲಿ ರೋಮ್‌ನಲ್ಲಿ ಗುರುದೀಕ್ಷೆ ಪಡೆದು, ಮರುವರ್ಷ ಸಂತ ಫಿಲಿಪ್ ನೇರಿಯವರ ಆರಟರಿಯನ್ನು ಇಂಗ್ಲೆಂಡಿನಲ್ಲಿ ನೆಲೆಗೊಳಿಸಿದರು.

ಬಿಟ್ಟುಬಂದ ಮನೆಯಲ್ಲಿ ಅವರನ್ನು ದ್ರೋಹಿ ಎಂದರು. ಹೊಸದಾಗಿ ಸೇರಿದ ಮನೆಯಲ್ಲಿಯೂ ಕೆಲವರು ಸಂಶಯದಿಂದ ನೋಡಿದರು. 1859ರಲ್ಲಿ 'ರ‍್ಯಾಂಬ್ಲರ್' ಎಂಬ ಕಥೋಲಿಕ ಪತ್ರಿಕೆಯ ಬಿಕ್ಕಟ್ಟನ್ನು ಶಮನಗೊಳಿಸಲು, ಹಿರಿಯರ ಕೋರಿಕೆಯ ಮೇರೆಗೆ, ಮನಸ್ಸಿಲ್ಲದಿದ್ದರೂ ಅದರ ಸಂಪಾದಕತ್ವವನ್ನು ಅವರು ವಹಿಸಿಕೊಂಡರು. ಎರಡು ಸಂಚಿಕೆಗಳಷ್ಟರಲ್ಲಿಯೇ ಧರ್ಮಾಧ್ಯಕ್ಷ ಅಲಥಾರ್ನ್ ಅವರ ಸಲಹೆಯಂತೆ ಅದನ್ನು ಬಿಡಬೇಕಾಯಿತು. ಜುಲೈ ಸಂಚಿಕೆಯಲ್ಲಿ ಅವರು ಬರೆದ ಲೇಖನದ ವಿಷಯ, ವಿಶ್ವಾಸದ ಸಂಗತಿಗಳಲ್ಲಿ ಶ್ರೀಸಾಮಾನ್ಯ ಭಕ್ತರ ಸಾಕ್ಷ್ಯಕ್ಕೆ ಇರುವ ಬೆಲೆ. ನಾಲ್ಕನೆಯ ಶತಮಾನದಲ್ಲಿ, ಯೇಸುಕ್ರಿಸ್ತರ ದೈವತ್ವವನ್ನು ಅಲ್ಲಗಳೆದ ಆರಿಯುಸನ ಬೋಧನೆ ಹಬ್ಬಿದಾಗ, ಅನೇಕ ಧರ್ಮಾಧ್ಯಕ್ಷರು ಅಳುಕಿದರೂ ಸಾಮಾನ್ಯ ವಿಶ್ವಾಸಿಗಳು ಅಳುಕಲಿಲ್ಲವೆಂಬ ಚರಿತ್ರೆಯನ್ನು ಅವರು ಮುಂದಿಟ್ಟರು. ನ್ಯೂಪೋರ್ಟಿನ ಧರ್ಮಾಧ್ಯಕ್ಷ ಬ್ರೌನ್ ಇದರ ವಿರುದ್ಧ ರೋಮ್‌ಗೆ ದೂರಿತ್ತರು.

ಇಲ್ಲಿಂದ ಮುಂದಿನದು ಒಂದು ಕಾಗದದ ಕಥೆ. ಆಕ್ಷೇಪಾರ್ಹ ವಾಕ್ಯಗಳಾವುವೆಂದು ತಿಳಿಸಿದರೆ ವಿವರಣೆ ನೀಡಲು ಸಿದ್ಧನೆಂದು ನ್ಯೂಮನ್ನರು ಆಗ ರೋಮ್‌ನಲ್ಲಿದ್ದ ಕಾರ್ಡಿನಲ್ ವೈಸ್‌ಮನ್ ಅವರಿಗೆ 1860ರ ಜನವರಿಯಲ್ಲಿ ವಿನಯದಿಂದ ಬರೆದರು. ರೋಮ್‌ನ ಅಧಿಕಾರಿಗಳು ಪ್ರಶ್ನೆಗಳ ಪಟ್ಟಿಯನ್ನು ಸಿದ್ಧಪಡಿಸಿ ವೈಸ್‌ಮನ್ನರ ಕೈಗಿತ್ತರು. ಕಾರಣವೇನೇ ಇರಲಿ, ಆ ಪಟ್ಟಿ ನ್ಯೂಮನ್ನರನ್ನು ತಲುಪಲೇ ಇಲ್ಲ. ನ್ಯೂಮನ್ ಉತ್ತರ ಕೊಡದೆ ಹಟ ಹಿಡಿದಿದ್ದಾರೆಂದು ರೋಮ್ ಭಾವಿಸಿತು. ವಿಷಯ ಅಲ್ಲಿಗೆ ಮುಗಿಯಿತೆಂದು ಬರ್ಮಿಂಗ್‌ಹ್ಯಾಮ್ ಭಾವಿಸಿತು. ತಲುಪದ ಒಂದು ಕಾಗದದಿಂದಾಗಿ ನಿರಪರಾಧಿಯೊಬ್ಬರು ಏಳು ವರ್ಷ ಸಂಶಯದ ನೆರಳಿನಲ್ಲಿ ಬಾಳಿದರು. ಆದರೂ ಅವರು ವಿಧೇಯತೆಯನ್ನು ಮೀರಲಿಲ್ಲ. ತಮ್ಮ ನೋವನ್ನು ದಿನಚರಿಗೆ ಹೇಳಿಕೊಂಡರು.

ಈ ನಡುವೆ, 1864ರಲ್ಲಿ, ಚಾರ್ಲ್ಸ್ ಕಿಂಗ್ಸ್‌ಲಿ ಎಂಬ ಲೇಖಕರು ಕಥೋಲಿಕ ಗುರುಗಳಿಗೂ ನ್ಯೂಮನ್ನರಿಗೂ ಸತ್ಯವೆಂಬುದು ಒಂದು ಸದ್ಗುಣವೇ ಅಲ್ಲವೆಂದು ಪತ್ರಿಕೆಯೊಂದರಲ್ಲಿ ಆರೋಪಿಸಿದರು. ಅರುವತ್ತಮೂರರ ನ್ಯೂಮನ್ ಹಳೆಯ ಕಟ್ಟುಗಳನ್ನು ಬಿಚ್ಚಿದರು. ಸುಮಾರು ಇಪ್ಪತ್ತು ವರ್ಷ ದೂರವಿದ್ದ ಆಂಗ್ಲಿಕನ್ ಮಿತ್ರರ ನೆರವನ್ನೂ ಕೋರಿದರು. ಮೇಜಿನ ಮುಂದೆ ನಿಂತು, ಒಮ್ಮೆ ಇಪ್ಪತ್ತೆರಡು ಗಂಟೆ ಸತತವಾಗಿ ಬರೆದು, ಏಪ್ರಿಲ್ 21ರಿಂದ ವಾರವಾರವೂ ಪ್ರಕಟಿಸಿದ 'ಅಪೊಲೊಜಿಯ' ಎಂಬ ಆತ್ಮಕಥನವು ಇಂಗ್ಲೆಂಡಿನ ಮನಸ್ಸನ್ನೇ ತಿರುಗಿಸಿತು. ದೂರವಾಗಿದ್ದ ಮಿತ್ರರು ಮರಳಿದರು. ಕಾಯ್ದಿಟ್ಟ ಪತ್ರಗಳು ಸಮಯಕ್ಕೆ ಒದಗಿದವು.

1867ರಲ್ಲಿ ಅವರ ಆಪ್ತ ಸಹಗುರು ಆಂಬ್ರೋಸ್ ಸೇಂಟ್ ಜಾನ್ ರೋಮ್‌ಗೆ ಹೋದಾಗ ಆ ತಲುಪದ ಪಟ್ಟಿಯ ಸಂಗತಿ ಹೊರಬಿದ್ದಿತು. 1879ರಲ್ಲಿ ಜಗದ್ಗುರು 13ನೇ ಲಿಯೋ ಅವರು ನ್ಯೂಮನ್ನರನ್ನು ಕಾರ್ಡಿನಲ್ ಪದವಿಗೇರಿಸಲು ಮುಂದಾದಾಗಲೂ ವಿನಯದ ಪತ್ರವನ್ನು ನಿರಾಕರಣೆಯೆಂದು ತಿಳಿದು ಪತ್ರಿಕೆಗಳು ಸುದ್ದಿ ಹಬ್ಬಿಸಿದವು. ಈ ಸಲ ತಪ್ಪು ಬೇಗನೆ ತಿಳಿಯಾಯಿತು. ತಮ್ಮ ಮೇಲಿದ್ದ ಮೋಡ ಶಾಶ್ವತವಾಗಿ ಸರಿಯಿತೆಂದು ವೃದ್ಧ ಗುರುಗಳು ನಿಟ್ಟುಸಿರುಬಿಟ್ಟರು.

1890ರ ಆಗಸ್ಟ್ 11ರಂದು ಅವರು ದೈವಾಧೀನರಾದರು. 2008ರಲ್ಲಿ ರೆಡ್ನಲ್ ಗ್ರಾಮದ ಅವರ ಸಮಾಧಿಯನ್ನು ತೆರೆದಾಗ ದೇಹದ ಅವಶೇಷವೇನೂ ಸಿಗಲಿಲ್ಲ. ಮಣ್ಣು ಮಣ್ಣಿಗೆ ಸೇರಿತ್ತು. ಆದರೆ ಸ್ಟೀಫನ್ ದೆಸೇನ್ ಎಂಬ ಆರಟರಿ ಗುರುಗಳು ಮೊದಲುಮಾಡಿದ, 1961ರಿಂದ ಪ್ರಕಟವಾಗುತ್ತ ಬಂದ ಪತ್ರ ಹಾಗೂ ದಿನಚರಿಗಳ ಮಾಲೆಯು ಅದೇ 2008ರಲ್ಲಿ 32ನೆಯ ಸಂಪುಟವನ್ನು ಕಂಡಿತು. ಸುಮಾರು 20 ಸಾವಿರ ಪತ್ರಗಳು ಉಳಿದಿವೆ. ಎಲುಬು ಉಳಿಯದಿದ್ದರೂ ಅಂತರಂಗ ಉಳಿಯಿತು. 2010ರಲ್ಲಿ ಜಗದ್ಗುರು 16ನೇ ಬೆನೆಡಿಕ್ಟರು ಅವರನ್ನು ಪುನೀತರೆಂದು, 2019ರ ಅಕ್ಟೋಬರ್ 13ರಂದು ಜಗದ್ಗುರು ಫ್ರಾನ್ಸಿಸರು ನಮ್ಮ ನೆರೆಯ ಕೇರಳದ ಮರಿಯಂ ತ್ರೇಸ್ಯಾ ಅವರೊಡನೆ ಸಂತರೆಂದು ಸಾರಿದರು. 2025ರ ನವೆಂಬರ್ 1ರಂದು ಜಗದ್ಗುರು 14ನೇ ಲಿಯೋ ಅವರು ಧರ್ಮಸಭೆಯ ಪಂಡಿತರೆಂಬ ಬಿರುದನ್ನಿತ್ತರು. ಒಂದು ಕಾಲಕ್ಕೆ ಯಾರ ಬರಹವು ದೂರಿಗೆ ಗುರಿಯಾಗಿತ್ತೋ ಅವರೇ ಇಂದು ಸಭೆಗೆ ಬೋಧಕರು. ಶ್ರೀಸಾಮಾನ್ಯರ ವಿಶ್ವಾಸಪ್ರಜ್ಞೆಯ ಬೆಲೆಯನ್ನು ಎರಡನೆಯ ವ್ಯಾಟಿಕನ್ ಮಹಾಸಭೆಯೂ ಎತ್ತಿಹಿಡಿದಿದೆ.

ಪ್ರಿಯ ವಾಚಕರೇ, ಸತ್ಯವು ತಾನಾಗಿಯೇ ಗೆಲ್ಲುತ್ತದೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಸತ್ಯಕ್ಕೂ ಕಾಯುವವರು ಬೇಕು. ನ್ಯೂಮನ್ನರು ಪತ್ರಗಳನ್ನು ಉಳಿಸಿದ್ದು ಹಗೆ ಸಾಧಿಸಲು ಅಲ್ಲ. ಮುಂದಿನವರು ಪರಿಶೀಲಿಸಿ ತೀರ್ಪು ಕೊಡಲೆಂದು. ನಮ್ಮ ಕುಟುಂಬಗಳಲ್ಲಿಯೂ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟಿರುವುದುಂಟು. ಕೆದಕಿ ನೋಡಿದರೆ ನಡುವೆ ಯಾರೋ ತಲುಪಿಸದೆ ಉಳಿಸಿದ ಒಂದು ಮಾತು ಇರುತ್ತದೆ. ಇನ್ನೊಬ್ಬರ ಮೌನವನ್ನು ಅಹಂಕಾರವೆಂದು ಬಗೆಯುವ ಮೊದಲು, ನಮ್ಮ ಪ್ರಶ್ನೆ ಅವರನ್ನು ಮುಟ್ಟಿತೇ ಎಂದು ವಿಚಾರಿಸೋಣ. ನಮ್ಮ ಕೈಗೆ ಒಪ್ಪಿಸಿದ ಮಾತನ್ನು ಸಕಾಲದಲ್ಲಿ ತಲುಪಿಸೋಣ. ಅಜ್ಜ ಅಜ್ಜಿಯರ ಹಳೆಯ ಪತ್ರಗಳನ್ನು ರದ್ದಿಗೆ ಹಾಕುವ ಮುನ್ನ ಒಮ್ಮೆ ಮಕ್ಕಳೊಡನೆ ಕುಳಿತು ಓದೋಣ. ಅವರ ವಿಶ್ವಾಸದ ಸಾಕ್ಷ್ಯವೂ ಆ ಕಾಗದಗಳಲ್ಲಿ ಇದ್ದೀತು.